ಪಾಠಕ್ಕೊಂದು ಕಾಲು ಬೇಕಾಗಿತ್ತು

ಕಾಲಿನ ವಿಷಯಕ್ಕೆ ನಾನು ಬಾಯಿ ಹಾಕಿದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮೊನ್ನೆ ಮೊಮ್ಮಗಳನ್ನು ನೋಡಲು ಬಂದ ಹುಡುಗನಿಗೆ "ಸ್ವಲ್ಪ ತುದಿಗಾಲ ಮೇಲೆ ನಿಲ್ಲಪ್ಪ, ನಿನ್ನ ಹಿಮ್ಮಡಿ ನೋಡಬೇಕು" ಎಂದೆ. ಹುಡುಗ ಪಾಪ, ನಿಂತ. ಅವನ ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದರು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಪಾದ ನೋಡುವುದು ನನಗೆ ಮುಪ್ಪಿನಲ್ಲಿ ಹತ್ತಿದ ಚಟವಲ್ಲ. ಅರವತ್ತರ ದಶಕದಲ್ಲಿ ಹೊಸನಗರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದಾಗ ಅಂಟಿಕೊಂಡದ್ದು. ಹೇಗೆ ಅಂಟಿತು ಎಂಬುದನ್ನು ಹೇಳಿಬಿಡುತ್ತೇನೆ. ನಗುವವರು ನಗಲಿ, ನನಗಂತೂ ಇವತ್ತಿಗೂ ಅದು ಹೆಮ್ಮೆಯ ವಿಷಯವೇ.

೧. ನಿಮಗಿಷ್ಟವಾದ ಅಂಗ

ಆಗ ಡ್ರಿಲ್ ಮಾಸ್ತರನೆಂದರೆ ಮಾಸ್ತರರ ಸಾಲಿಗೆ ಸೇರಿದವನಲ್ಲ. ಗಣಿತದವರು ಬಂದರೆ "ಮೇಷ್ಟ್ರು ಬಂದ್ರು" ಎಂದು ಪಿಸುಗುಟ್ಟಿ ನೆಟ್ಟಗೆ ಕೂರುತ್ತಿದ್ದ ಹುಡುಗರು ನನ್ನನ್ನು ಕಂಡರೆ "ಡ್ರಿಲ್ ಬಂತು ಕಣ್ರೋ" ಎಂದು ಕಿರುಚಿಕೊಂಡು ಮೈದಾನಕ್ಕೆ ಓಡುತ್ತಿದ್ದರು. ಮಳೆಗಾಲದಲ್ಲಿ ಆ ಮೈದಾನವೂ ಇಲ್ಲ. ನಾಲ್ಕು ತಿಂಗಳು ನನಗೆ ಗಂಟೆ ಹೊಡೆಸುವುದು, ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವುದು, ಇಷ್ಟೇ ಕೆಲಸ. ನನಗೂ ಒಂದು ಪಾಠ ಹೇಳುವ ಯೋಗ್ಯತೆ ಇದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ವರ್ಷ ವಿಜ್ಞಾನದ ಮಾಸ್ತರರಿಗೆ ನಡುವೆಯೇ ವರ್ಗವಾಯಿತು. ಒಂಬತ್ತನೇ ತರಗತಿಗೆ ಶರೀರದ ಪಾಠಗಳೆಲ್ಲ ಹಾಗೇ ಉಳಿದವು. ಯಾರು ತೆಗೆದುಕೊಳ್ಳುತ್ತೀರಿ ಎಂದು ಮುಖ್ಯೋಪಾಧ್ಯಾಯರು ಎಲ್ಲರ ಮುಖ ನೋಡಿದರು. ಎಲ್ಲರೂ ಕಿಟಕಿ ನೋಡಿದರು. ನಾನು ಎದ್ದು ನಿಂತು, "ಸಾರ್, ನಾನು ಮಾಡ್ತೀನಿ" ಎಂದೆ.

ಇಡೀ ಸ್ಟಾಫ್ ರೂಮು ನಕ್ಕಿತು. ಕನ್ನಡ ಪಂಡಿತರು ನಶ್ಯದ ಡಬ್ಬಿ ಮುಚ್ಚಿ, "ಅಲ್ಲ ಮಾರಾಯ್ರೇ, ಶರೀರದಲ್ಲಿ ಎಡ ಬಲ ಬಿಟ್ರೆ ನಿಮಗೆ ಎಂತ ಗೊತ್ತು?" ಎಂದು ಕೇಳಿದರು.

ಗೊತ್ತಿತ್ತು. ನಮ್ಮ ತರಬೇತಿ ಶಿಬಿರಕ್ಕೆ ಒಬ್ಬ ಡಾಕ್ಟರು ಬಂದು ಶರೀರ ಶಾಸ್ತ್ರ ಹೇಳುತ್ತಿದ್ದರು. ಪಾದದಿಂದ ಶುರುಮಾಡಿ ತಲೆಯವರೆಗೆ ಹೋಗುವುದು ಅವರ ಯೋಜನೆ. ಮನುಷ್ಯನಿಗೆ ವಿಷಯದ ಮೇಲೆ ಎಷ್ಟು ಪ್ರೀತಿಯೆಂದರೆ, ಅವರು ಮೊಣಕಾಲು ತಲುಪುವಷ್ಟರಲ್ಲಿ ಶಿಬಿರವೇ ಮುಗಿಯಿತು. ಹೀಗಾಗಿ ಮೊಣಕಾಲಿನಿಂದ ಕೆಳಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಮೇಲೆ ಗೊತ್ತಿದ್ದದ್ದು ಏನೂ ಇರಲಿಲ್ಲ.

ಮುಖ್ಯೋಪಾಧ್ಯಾಯರು ನ್ಯಾಯವಂತರು. "ಮುಂದಿನ ತಿಂಗಳು ಇಲಾಖೆಯ ಅಧಿಕಾರಿ ತಪಾಸಣೆಗೆ ಬರ್ತಾರೆ. ಅವರ ಎದುರು ಒಂದು ಪಾಠ ಮಾಡಿ ತೋರಿಸಿ. ಅವರು ಒಪ್ಪಿದ್ರೆ ಆ ತರಗತಿ ನಿಮ್ಮದು. ಒಪ್ಪದಿದ್ರೆ ಸೀಟಿ ಹಿಡ್ಕೊಂಡು ಮೈದಾನದಲ್ಲೇ ಇರಿ, ಇನ್ನೊಂದ್ಸಲ ಈ ಮಾತು ಎತ್ತಬಾರದು" ಎಂದರು.

"ಯಾವ ಪಾಠ ಮಾಡ್ಲಿ ಸಾರ್?"

"ನಿಮಗಿಷ್ಟವಾದ ಅಂಗ ತಗೊಳ್ಳಿ."

"ಪಾದ" ಎಂದೆ.

ಪಂಡಿತರು ಗೆದ್ದವರಂತೆ ಎಲ್ಲರತ್ತ ತಿರುಗಿದರು. "ನಾ ಹೇಳ್ಲಿಲ್ವಾ? ಎಡ ಒಂದು, ಬಲ ಒಂದು. ಪಾಠ ಮುಗೀತು."

೨. ಸಾಗರದ ಚಾರ್ಟು

ಪಾಠಕ್ಕೆ ಚಿತ್ರ ಬೇಕಲ್ಲ? ಸಾಗರದ ಒಂದು ಹೈಸ್ಕೂಲಿನಲ್ಲಿ ಆಳೆತ್ತರದ ಸ್ನಾಯುಗಳ ಚಾರ್ಟು ಇದೆಯೆಂದು ತಿಳಿಯಿತು. ಭಾನುವಾರ ಬಸ್ಸು ಹಿಡಿದು ಹೋದೆ. ಅಲ್ಲಿನ ಅಟೆಂಡರು ಸುರುಳಿ ಸುತ್ತಿಟ್ಟಿದ್ದ ಚಾರ್ಟನ್ನು ಧೂಳು ಕೊಡವಿ ಕೊಟ್ಟ. ಬರುವಾಗ ಬಸ್ಸಿನ ಮಾಡು ಸೋರುತ್ತಿತ್ತು. ನನ್ನ ರೈನ್‌ಕೋಟನ್ನು ಚಾರ್ಟಿಗೆ ಹೊದಿಸಿ ನಾನು ನೆನೆಯುತ್ತ ಬಂದೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಬಿಡಿಸಿದೆ. ಕೆಂಪು ಮನುಷ್ಯನ ತಲೆ ಬಂತು, ಎದೆ ಬಂತು, ತೊಡೆ ಬಂತು, ಮೊಣಕಾಲು ಬಂತು. ಮೀನಖಂಡದ ನಡುವಿಗೆ ಚಾರ್ಟು ಮುಗಿಯಿತು. ಹರಿದದ್ದಲ್ಲ, ಯಾರೋ ಅಡಿಕೋಲು ಇಟ್ಟು ನೀಟಾಗಿ ಕತ್ತರಿಸಿದ್ದರು. ನನಗೆ ಗೊತ್ತಿಲ್ಲದ ಭಾಗವೆಲ್ಲ ಬಂದಿತ್ತು, ಗೊತ್ತಿದ್ದ ಭಾಗ ಸಾಗರದಲ್ಲೇ ಉಳಿದಿತ್ತು.

ಮುಂದಿನ ಭಾನುವಾರ ಮತ್ತೆ ಸಾಗರ. ಸಿಟ್ಟು ನೆತ್ತಿಗೇರಿತ್ತು. ಅಟೆಂಡರು ಒಂಚೂರೂ ಅಂಜಲಿಲ್ಲ.

"ನಮ್ ಗೋಡೆ ಗಿಡ್ಡ ಸಾರ್, ಈ ಮನ್ಷ ಉದ್ದ. ಕೆಳಗೆ ಮಡಚಿಟ್ರೆ ವರಲೆ ಹುಳ ಹಿಡೀತಿತ್ತು. ಮೇಲಿಂದ ಕತ್ರಿಸಾಣ ಅಂದ್ರೆ ಅಲ್ಲಿ ತಲೆ ಇತ್ತು. ಪಾದದಲ್ಲಿ ಎಂತ ಇರ್ತದೆ ಹೇಳಿ, ಇರದೆಲ್ಲ ಮೇಲೇ ಅಲ್ವಾ?"

"ಕತ್ತರಿಸಿದ ತುಂಡು ಎಲ್ಲಿದೆ? ಅದನ್ನಾದರೂ ಕೊಡು."

"ಅದು ಕೊಡಕ್ಕೆ ಬರದಿಲ್ಲ ಸಾರ್. ನಮ್ ಹೆಡ್‌ಮಾಸ್ಟ್ರ ಕುರ್ಚಿ ಅಲ್ಲಾಡ್ತಿತ್ತು, ಅದರ ಕಾಲಿನಡಿಗೆ ಮಡಚಿ ಇಟ್ಟೀವಿ. ಈಗ ಗಟ್ಟಿ ನಿಂತದೆ."

೩. ಕಂಡದ್ದನ್ನು ಬರೆಯಿರಿ

ಚಾರ್ಟು ಹೋದರೆ ಹೋಯಿತು, ನನ್ನದೇ ಎರಡು ಕಾಲಿಲ್ಲವೇ ಎಂದುಕೊಂಡೆ. ಅಭ್ಯಾಸಕ್ಕೆಂದು ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಒಂದು ದಿನ ಒಂಬತ್ತನೇ ತರಗತಿಗೆ ಹೋದೆ. ಬೂಟು ಕಳಚಿ, ಪ್ಯಾಂಟು ಮಡಚಿ, ಕಾಲನ್ನು ಬೆಂಚಿನ ಮೇಲಿಟ್ಟೆ.

"ಬೆರಳು ಎತ್ತಿ ಇಳಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಪಾದದಲ್ಲೂ ಇಲ್ಲ. ಅವು ಮೊಣಕಾಲಿನ ಕೆಳಗೆ ಕೂತಿವೆ. ಅಲ್ಲಿಂದ ಹಗ್ಗ ಇಳಿಬಿಟ್ಟು ಎಳೆಯುತ್ತವೆ. ಆ ಹಗ್ಗಕ್ಕೆ ಸ್ನಾಯುರಜ್ಜು ಅಂತ ಹೆಸರು. ಬಾವಿಯ ಹಗ್ಗ ರಾಟೆ ಬಳಸಿ ಹೋಗುವ ಹಾಗೆ ಕೆಲವು ರಜ್ಜುಗಳು ಹರಡಿನ, ಅಂದರೆ ಪಾದದ ಕೀಲಿನ, ಗಂಟನ್ನು ಬಳಸಿ ಪಾದಕ್ಕೆ ಬರುತ್ತವೆ" ಎಂದು ವಿವರಿಸಿದೆ. ನನ್ನ ಮಾತಿಗೆ ನಾನೇ ಮರುಳಾದೆ. ಆದರೆ ವರ್ಷಗಟ್ಟಲೆ ಬೂಟಿನೊಳಗೆ ಬೆಂದ ನನ್ನ ಪಾದ ಬೇಯಿಸಿದ ಕೆಸುವಿನ ಗೆಡ್ಡೆಯ ಹಾಗಿತ್ತು. ಒಂದು ಹಗ್ಗವೂ ಮೇಲೆ ಕಾಣಲಿಲ್ಲ.

ಹೋಗಲಿ, ಮೀನಖಂಡವಾದರೂ ಕಾಣಲಿ ಎಂದು ಒಂಟಿ ಕಾಲಿನ ತುದಿಬೆರಳ ಮೇಲೆ ಎದ್ದು ನಿಂತೆ. "ನೋಡಿ, ಇದು ಸಂಕುಚಿಸಿದಾಗ..." ಎನ್ನುವಷ್ಟರಲ್ಲಿ ಮೀನಖಂಡ ಕಲ್ಲಾಗಿ ಸೆಟೆದುಕೊಂಡಿತು. ಆ ನೋವು ತಿಂದವರಿಗೇ ಗೊತ್ತು. ಕಾಲು ಹಿಡಿದುಕೊಂಡು ತರಗತಿಯ ತುಂಬ ಕುಂಟಿದೆ. ಹುಡುಗರು ಇದೂ ಪಾಠವೆಂದು ತಿಳಿದು ಕಣ್ಣು ಮಿಟುಕಿಸದೆ ನೋಡಿದರು, ಕೊನೆಗೆ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ನೋಟ್ಸು ತಿದ್ದಲು ಕೂತೆ. ತರಗತಿಗೆಲ್ಲ ಮೊದಲಿಗನಾದ ಹುಡುಗ ಬರೆದಿದ್ದ: "ಮೀನಖಂಡ ಸಂಕುಚಿಸಿದಾಗ ಹಿಮ್ಮಡಿ ಮೇಲೇಳುತ್ತದೆ. ಬಳಿಕ ಮನುಷ್ಯನು ಒಂಟಿ ಕಾಲಿನಲ್ಲಿ ಮೂರು ಸುತ್ತು ಬಂದು ಗೋಡೆ ಹಿಡಿದುಕೊಳ್ಳುತ್ತಾನೆ." ಕಣ್ಣಾರೆ ಕಂಡದ್ದನ್ನು ಬರೆದವನಿಗೆ ತಪ್ಪು ಹಾಕುವುದು ಹೇಗೆ? ಸರಿ ಹಾಕಿದೆ.

೪. ಘಾಟಿಯಲ್ಲಿ ಒಂದು ಪ್ರಶ್ನೆ

ನನ್ನ ಕಾಲು ಉಪಯೋಗಕ್ಕೆ ಬಾರದು ಎಂದು ಖಾತ್ರಿಯಾಯಿತು. ರಜ್ಜುಗಳೆಲ್ಲ ಎದ್ದು ಕಾಣುವ ಒಂದು ಗಟ್ಟಿ ಕಾಲು ಬೇಕು. ತೀರ್ಥಹಳ್ಳಿಯ ಹೋಟೆಲಿನಲ್ಲಿ ಯಾರೋ ಹೇಳಿದರು, "ಆಗುಂಬೆ ಘಾಟಿ ಇಳಿಸೋ ಸಣ್ಣ ಬಸ್ಸಿನ ಡ್ರೈವರಿದ್ದಾನಲ್ಲ, ಅವನ ಬಲಗಾಲು ನೋಡ್ಬೇಕು. ಬ್ರೇಕು ಒತ್ತಿ ಒತ್ತಿ ಕಂಬ ಆಗಿದೆ." ಸರಿ, ಆಗುಂಬೆಗೆ ಹೋಗಿ ಆ ಬಸ್ಸು ಹತ್ತಿ ಡ್ರೈವರಿನ ಪಕ್ಕದಲ್ಲೇ ಕೂತೆ.

ಕೇಳಿದ್ದು ಸುಳ್ಳಲ್ಲ. ಪುಣ್ಯಾತ್ಮ ಚಪ್ಪಲಿಯನ್ನು ಸೀಟಿನಡಿಗೆ ತಳ್ಳಿ ಬರಿಗಾಲಲ್ಲಿ ಓಡಿಸುತ್ತಿದ್ದ. ಬ್ರೇಕು ಒತ್ತಿದಾಗಲೆಲ್ಲ ಮೀನಖಂಡ ಉಬ್ಬುತ್ತಿತ್ತು, ಕಾಲೆತ್ತಿದಾಗ ಹರಡಿನ ಮುಂದಿನ ರಜ್ಜು ಟಕ್ಕೆಂದು ಏಳುತ್ತಿತ್ತು. ನನಗೆ ಆನಂದವೋ ಆನಂದ. ತಲೆ ಬಗ್ಗಿಸಿ ಅವನ ಮೊಣಕಾಲಿನ ಹತ್ತಿರಕ್ಕೇ ಹೋದೆ.

"ಎಂತ ಬಿತ್ತು ಸ್ವಾಮಿ?" ಎಂದ ಡ್ರೈವರು.

"ಏನೂ ಬಿದ್ದಿಲ್ಲ. ನಿಮ್ಮ ಕಾಲು ನೋಡ್ತಿದ್ದೀನಿ. ಒಂದು ಮಾತು ಹೇಳಿ, ಬ್ರೇಕು ಒತ್ತುವಾಗ ನೀವು ಹಿಮ್ಮಡಿ ಊರಿ ಮುಂಗಾಲಲ್ಲಿ ಒತ್ತುತ್ತೀರೋ, ಇಡೀ ಕಾಲೇ ಎತ್ತಿ ಒತ್ತುತ್ತೀರೋ?"

ಡ್ರೈವರು ಯೋಚಿಸಿದ. ಅಷ್ಟು ವರ್ಷ ಅವನು ಬ್ರೇಕು ಒತ್ತಿದ್ದನೇ ಹೊರತು ಅದನ್ನು ಯೋಚಿಸಿರಲಿಲ್ಲ. ಮುಂದಿನ ತಿರುವಿನಲ್ಲಿ ಹಿಮ್ಮಡಿ ಊರಿ ನೋಡಿದ, ಅದರ ಮುಂದಿನದರಲ್ಲಿ ಎತ್ತಿ ನೋಡಿದ. ಬಸ್ಸು ಒಮ್ಮೆ ಮುಗ್ಗರಿಸಿತು, ಒಮ್ಮೆ ಜಾರಿತು. ಹಿಂದಿನ ಸೀಟಿನಲ್ಲಿ ದೇವರ ನಾಮ ಶುರುವಾಯಿತು. ಆಮೇಲಿನ ತಿರುವಿನಲ್ಲಿ ಬಸ್ಸನ್ನು ಬೆಟ್ಟದ ಪಕ್ಕಕ್ಕೆ ನಿಲ್ಲಿಸಿ, ಮುಖ ಒರೆಸಿಕೊಂಡು, "ನೀವು ಇಲ್ಲೇ ಇಳೀರಿ ಸ್ವಾಮಿ. ನೀವು ಕೇಳಿದ ಮೇಲೆ ನಂಗೆ ಯಾವ ಕಾಲು ಎಲ್ಲಿಡದು ಅಂತ್ಲೇ ತಿಳೀತಾ ಇಲ್ಲ" ಎಂದ.

ನಾನು ವಾದ ಮಾಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಹಿಂದಿನ ಸೀಟಿನವರು ನನ್ನ ಕೊಡೆಯನ್ನು ಕಿಟಕಿಯಿಂದ ಇಳಿಸಿ ಆಗಿತ್ತು. ಆಗುಂಬೆಯವರೆಗೆ ಘಾಟಿ ಹತ್ತಿಕೊಂಡು ವಾಪಸು ಬಂದೆ. ಮೀನಖಂಡದ ಬಗ್ಗೆ ಡಾಕ್ಟರು ಹೇಳದೆ ಬಿಟ್ಟದ್ದೇನಾದರೂ ಇದ್ದರೆ ಅವತ್ತು ತಿಳಿಯಿತು.

೫. ಕಾಲು ಬೇಕು ಅಜ್ಜಿ

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಕುಂಟುತ್ತ ಇಳಿದೆ. ಮರದ ಬುಡದಲ್ಲಿ ಬುಟ್ಟಿ ಹೆಣೆಯುವ ಅಜ್ಜಿ ಎಂದಿನಂತೆ ಕೂತಿದ್ದಳು. ದಿನಾ ಎರಡು ಹೊತ್ತು ಅವಳ ಮುಂದೆಯೇ ನಡೆದು ಹೋಗುವವನು ನಾನು, ಒಮ್ಮೆಯೂ ಅವಳ ಕಾಲು ನೋಡಿರಲಿಲ್ಲ. ಬಿದಿರಿನ ಸೀಳನ್ನು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳ ನಡುವೆ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ಹದ ಮಾಡುತ್ತಿದ್ದಳು. ಸೀಳು ಆಚೆ ತಿರುಗಿದರೆ ಪಾದ ಆಚೆ, ಈಚೆ ತಿರುಗಿದರೆ ಈಚೆ. ಒಣಗಿದ ಆ ಪಾದದ ಮೇಲೆ ಐದು ಬೆರಳಿನ ರಜ್ಜುಗಳೂ ಬೇರೆಬೇರೆಯಾಗಿ ಕುಣಿಯುತ್ತಿದ್ದವು. ಶಿಬಿರದಲ್ಲಿ ಡಾಕ್ಟರು ತೋರಿಸಿದ್ದ ಚಿತ್ರ ಅದರ ಮುಂದೆ ಏನೇನೂ ಅಲ್ಲ. ಅಲ್ಲೇ ಎದುರಿಗೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

"ಬುಟ್ಟಿ ಬೇಕಾ ಮೇಷ್ಟ್ರೇ?" ಎಂದಳು ಅಜ್ಜಿ. ಆ ಊರಿನಲ್ಲಿ ನನ್ನನ್ನು ಮೇಷ್ಟ್ರೇ ಎಂದು ಕರೆದ ಮೊದಲನೆಯವಳು ಅವಳು.

"ಬುಟ್ಟಿ ಬೇಡ ಅಜ್ಜಿ, ಕಾಲು ಬೇಕು."

ಅಜ್ಜಿ ಬಿದಿರು ಸೀಳುವ ಕತ್ತಿಯನ್ನು ಮೆಲ್ಲಗೆ ತನ್ನ ಹತ್ತಿರ ಎಳೆದುಕೊಂಡಳು.

ಅಧಿಕಾರಿ ಬರುವುದು, ಪಾಠ ಒಪ್ಪದಿದ್ದರೆ ನನ್ನ ಗತಿ ಮೈದಾನವೇ ಎನ್ನುವುದು, ಎಲ್ಲವನ್ನೂ ಹೇಳಿಕೊಂಡೆ. ಅವಳು ಬಿದಿರು ಬಿಡದೆ ಕೇಳಿದಳು. "ಆತು, ಬತ್ತೀನಿ. ಆದ್ರೆ ನಂಗೆ ಸುಮ್ನೆ ಕೂರಕ್ಕೆ ಆಗದಿಲ್ಲ. ನೀವ್ ಮಾತಾಡಿ, ನಾ ಹೆಣೀತೀನಿ."

ಉಳಿದದ್ದು ಮೂರೇ ದಿನ. ಮೂರು ಸಂಜೆಯೂ ಶಾಲೆ ಬಿಟ್ಟ ಕೂಡಲೇ ಅವಳ ಎದುರು ಕೂತು, ಬಿದಿರಿನ ಕಡ್ಡಿಯಿಂದ ದೂರದಿಂದಲೇ ತೋರಿಸುತ್ತ, ಇಡೀ ಪಾಠವನ್ನು ಗಟ್ಟಿಯಾಗಿ ಒಪ್ಪಿಸಿದೆ. ಅವಳು ಹೂಂಗುಟ್ಟುತ್ತ ಹೆಣೆದಳು. ಸುತ್ತ ಜನ ಸೇರಿದರು. ಮೂರನೆಯ ಸಂಜೆ ಒಬ್ಬ ಯುವಕ ಗುಂಪನ್ನು ಸರಿಸಿಕೊಂಡು ಮುಂದೆ ಬಂದ, ಚಪ್ಪಲಿ ಕಳಚಿ ನನ್ನ ಮೂಗಿನ ಹತ್ತಿರ ಕಾಲು ಚಾಚಿದ. "ಕೈ ನೋಡೋರು ತೀರ್ಥಹಳ್ಳೀಲಿ ಬೇಕಾದಷ್ಟು ಅವ್ರೆ, ಕಾಲು ನೋಡೋರು ನೀವೊಬ್ರೇ. ನಂಗೆ ಮದುವೆ ಯಾವಾಗ ಹೇಳಿ."

೬. ಮೂರು ದಿನದ ಓದು

ಅಧಿಕಾರಿ ಬಂದರು. ದೊಡ್ಡ ಆಳು, ಮಿರುಗುವ ಬೂಟು, ನಗು ಎನ್ನುವುದನ್ನು ಮನೆಯಲ್ಲೇ ಬಿಟ್ಟು ಬಂದ ಮುಖ. ಬಿದಿರಿನ ಕಟ್ಟಿನೊಡನೆ ಅಜ್ಜಿ ತರಗತಿಗೆ ನಡೆದು ಬರುವುದನ್ನು ಕಂಡು ಮುಖ್ಯೋಪಾಧ್ಯಾಯರ ಬಣ್ಣವೇ ಬದಲಾಯಿತು. ಮೇಜಿನ ಮೇಲೆ ಪುಸ್ತಕವಿಡುವ ಜಾಗದಲ್ಲಿ ಕಾಲಿಡುವಂತಿಲ್ಲ ಎಂದರು. ಎರಡು ಬೆಂಚು ಜೋಡಿಸಿ ಅಜ್ಜಿಯನ್ನು ಕೂರಿಸಿದೆ. ಅವಳು ಒಮ್ಮೆ ಎಲ್ಲರನ್ನೂ ನೋಡಿ, ಸೀಳನ್ನು ಬೆರಳಿಗೆ ಕಚ್ಚಿಸಿಕೊಂಡು ತನ್ನ ಕೆಲಸಕ್ಕೆ ತೊಡಗಿದಳು.

ಹಿಂದಿನ ಬೆಂಚಿಗೂ ಕಾಣಲಿ ಎಂದು ಬಣ್ಣದ ಸೀಮೆಸುಣ್ಣದಿಂದ ರಜ್ಜುಗಳ ಮೇಲೆ ಗೆರೆ ಎಳೆಯುವುದು ನನ್ನ ಉಪಾಯ. ಬಗ್ಗಿ ಹೆಬ್ಬೆರಳಿನ ರಜ್ಜುವಿನ ಮೇಲೆ ಕೈಯಿಟ್ಟೆ.

ಅಜ್ಜಿ ಬೆಚ್ಚಿ, "ಬ್ಯಾಡಿ ಮೇಷ್ಟ್ರೇ, ಕಾಲು ಮುಟ್ಬ್ಯಾಡಿ" ಎಂದಳು.

"ಮುಟ್ಟದೆ ಆಗೋದಿಲ್ಲ ಅಜ್ಜಿ, ಪಾಠ."

ಕಾಲು ಮುಟ್ಟಿದವರಿಗೆ ಆಶೀರ್ವಾದ ಮಾಡದೆ ಸುಮ್ಮನೆ ಕೂರುವುದು ಅವಳಿಂದಾಗದು. ಬಿದಿರು ಬಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟಳು. "ನೂರ್ ವರ್ಷ ಬಾಳು ಮಗಾ."

ಹುಡುಗರು ಮುಸಿಮುಸಿ ನಕ್ಕರು. ನಾನು ಉಳಿದ ನಾಲ್ಕು ಬೆರಳಿನ ರಜ್ಜುಗಳಿಗೆ ಹಳದಿ ಗೆರೆ ಎಳೆದೆ. "ಮನೆ ತುಂಬ ಮಕ್ಳಾಗ್ಲಿ." ಮನೆಯಲ್ಲಿ ಆಗಲೇ ನಾಲ್ವರಿದ್ದರು. ಒಳಹರಡಿನ ಹಿಂದಿನಿಂದ ಇಳಿದು ಅಂಗಾಲಿನ ಕಮಾನನ್ನು ಎತ್ತಿಹಿಡಿಯುವ ರಜ್ಜುವನ್ನು ತೋರಿಸಿದೆ. "ಕೈಕಾಲು ಗಟ್ಟಿ ಇರ್ಲಿ." ಹೊರಹರಡಿನ ಹಿಂದಿನದಕ್ಕೆ ಹೋದೆ. "ಹೆಂಡ್ತಿ ಮಾತು ಕೇಳು." ಕೊನೆಗೆ ಎಲ್ಲಕ್ಕಿಂತ ದಪ್ಪನೆಯ ಹಿಮ್ಮಡಿಯ ರಜ್ಜು ಹಿಡಿದಾಗ ಅಜ್ಜಿಗೆ ಸಾಕಾಗಿತ್ತು. "ಎಲ್ಲಾ ನಿಂಗೊಬ್ನಿಗೇ ಕೊಟ್ರೆ ಹೆಂಗೆ ಮಗಾ? ಬೇರೆಯವ್ರಿಗೂ ಚೂರು ಇರ್ಲಿ."

ತರಗತಿ ಹೊಟ್ಟೆ ಹಿಡಿದು ನಗುತ್ತಿತ್ತು. ಅಧಿಕಾರಿ ನಗಲಿಲ್ಲ. ಎದ್ದು ನಿಂತರು.

"ನಕ್ಕದ್ದು ಸಾಕು. ಹೆಬ್ಬೆರಳನ್ನು ಮೇಲೆತ್ತುವ ಸ್ನಾಯು ಎಲ್ಲಿದೆ?"

ಮುಂದಿನ ಬೆಂಚಿನ ಹುಡುಗ ಎದ್ದು "ಹೆಬ್ಬೆರಳಲ್ಲಿ ಸಾರ್" ಎಂದ. ಅವನ ಪಕ್ಕದವನು "ಪಾದದಲ್ಲಿ ಸಾರ್" ಎಂದ. ಮೊದಲಿಗನಾದ ಹುಡುಗ ಎದ್ದು ನಿಂತು ಸೂರು ನೋಡಿದ. ಬಾಗಿಲಲ್ಲಿ ನಿಂತಿದ್ದ ಪಂಡಿತರು ನಶ್ಯದ ಡಬ್ಬಿ ತೆರೆದರು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಕರಗುತ್ತಿತ್ತು. ಮುಗಿಯಿತು, ಇನ್ನು ಸಾಯುವವರೆಗೆ ಸೀಟಿಯೇ ಗತಿ ಎಂದುಕೊಂಡೆ.

"ಮೊಣಕಾಲಿನ ಕೆಳ್ಗೆ, ಮುಂದ್ಗಡೆ ಅದೆ ಸ್ವಾಮಿ."

ಮಾತಾಡಿದ್ದು ಅಜ್ಜಿ. ತಲೆಯನ್ನೂ ಎತ್ತಿರಲಿಲ್ಲ, ಕೈ ಹೆಣೆಯುತ್ತಲೇ ಇತ್ತು. "ಎಳೆಯೋನು ಅಲ್ಲಿ ಕೂತಾನೆ. ಹಗ್ಗ ಮಾತ್ರ ಇಳ್ದು ಬೆರಳಿಗೆ ಬತ್ತದೆ."

ಅಧಿಕಾರಿ ನಿಧಾನವಾಗಿ ಅವಳತ್ತ ತಿರುಗಿದರು. "ಹಾಗಾದ್ರೆ ಹಿಮ್ಮಡಿ ಎತ್ತುವವನು?"

"ಹಿಂದ್ಗಡೆ, ಮೀನಖಂಡದಲ್ಲಿ. ಅಲ್ಲಿ ಮೇಲೊಬ್ಬ ಒಳಗೊಬ್ಬ ಅವ್ರೆ, ಇಬ್ರಿಗೂ ಹಗ್ಗ ಒಂದೇ."

"ಅಂಗಾಲು ಚಪ್ಪಟೆಯಾಗದಂತೆ ಹಿಡಿಯುವುದು?"

"ಒಳಹರಡಿನ ಹಿಂದಿಂದ ಬತ್ತದಲ್ಲ, ಅದು. ಅದು ಸೋತ್ರೆ ಕಾಲು ಕೂತ್ಹೋಗ್ತದೆ."

ಅಧಿಕಾರಿ ಕೇಳಿದರು, "ಅಜ್ಜಿ, ನೀವು ಎಲ್ಲಿವರೆಗೆ ಓದಿದ್ದೀರಿ?"

"ಮೂರ್ ದಿನ ಸ್ವಾಮಿ. ಬಸ್ ಸ್ಟ್ಯಾಂಡಲ್ಲಿ."

ಅಧಿಕಾರಿ ಮುಖ್ಯೋಪಾಧ್ಯಾಯರ ಕಡೆ ನೋಡಿ, "ಈ ತರಗತಿ ಇವರಿಗೇ ಕೊಡಿ" ಎಂದರು.

ಮುಖ್ಯೋಪಾಧ್ಯಾಯರು ಕಂಗಾಲಾಗಿ, "ಅಜ್ಜಿಗಾ ಸಾರ್?" ಎಂದರು.

"ಅಲ್ರೀ, ಇವರಿಗೆ! ಓದು ಬರಹ ಇಲ್ಲದವರಿಗೆ ಮೂರು ದಿನದಲ್ಲಿ ಇಷ್ಟು ಕಲಿಸಿದ ಮನುಷ್ಯನ ಕೈಗೆ ಸೀಟಿ ಕೊಟ್ಟು ಹೊರಗೆ ನಿಲ್ಲಿಸಿದ್ದೀರಲ್ಲ!"

ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು. ಪಂಡಿತರ ನಶ್ಯ ಬೆರಳಲ್ಲೇ ಉಳಿದಿತ್ತು.

ಅಧಿಕಾರಿಗೆ ಆ ಒಂದೇ ಹಗ್ಗದ ವಿಷಯ ತಲೆಯಿಂದ ಹೋಗಿರಲಿಲ್ಲ. ಅಜ್ಜಿಗೆ ಹಿಮ್ಮಡಿ ಎತ್ತಲು ಹೇಳಿ, ಅದು ಬಿಗಿಯುವುದನ್ನು ತಾವೇ ಮುಟ್ಟಿ ನೋಡಲೆಂದು ಮಿರುಗುವ ಬೂಟಿನಲ್ಲೇ ಮಂಡಿಯೂರಿ ಬಗ್ಗಿದರು, ಎರಡೂ ಕೈಯಲ್ಲಿ ಅವಳ ಕಾಲು ಹಿಡಿದರು. ಅಜ್ಜಿ ಬಿದಿರನ್ನು ಪಕ್ಕಕ್ಕಿಟ್ಟಳು. ಇಲಾಖೆಯ ಆ ಬೋಳುತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ಕಣ್ಣು ತೋರಿಸಿ, ಮನಸಾರೆ ಹರಸಿದಳು:

"ಚೆನ್ನಾಗಿ ಓದು ಮಗಾ. ನಮ್ ಮೇಷ್ಟ್ರ ಹಂಗೆ ನೀನೂ ಒಂದಿನ ಮೇಷ್ಟ್ರಾಗು."